ಬ್ಲೆಂಡರ್ ಪೈಥಾನ್ ಎಪಿಐ

ಬ್ಲೆಂಡರ್ ಪೈಥಾನ್ ಎಪಿಐ ಎಂಬುದು ಬ್ಲೆಂಡರ್ ಎಂಬ ಮುಕ್ತ ತಂತ್ರಾಂಶದ ಒಳಗಿನ ದತ್ತಾಂಶವನ್ನೂ ಕಾರ್ಯಗಳನ್ನೂ ಪೈಥಾನ್ ಭಾಷೆಯಲ್ಲಿ ಬರೆದ ಸ್ಕ್ರಿಪ್ಟ್‌ಗಳಿಗೆ ತೆರೆದಿಡುವ ವ್ಯವಸ್ಥೆ. ಮೂರು ಆಯಾಮದ ಮಾದರಿಗಳ ರಚನೆ, ಅನಿಮೇಷನ್ ಹಾಗೂ ಚಿತ್ರಣಕ್ಕೆ ಬಳಸುವ ಬ್ಲೆಂಡರ್‌ನ ತಿರುಳು ಸಿ ಮತ್ತು ಸಿ++ ಭಾಷೆಗಳಲ್ಲಿದೆ. ಇದು ಯಂತ್ರಭಾಷೆಗೆ ಕಂಪೈಲ್ ಆದ ರೂಪದಲ್ಲಿ ಬಳಕೆದಾರರನ್ನು ತಲುಪುತ್ತದೆ. ಆ ತಿರುಳನ್ನು ಮತ್ತೆ ಕಂಪೈಲ್ ಮಾಡದೆಯೇ ಹೊಸ ಉಪಕರಣ, ಪಟ್ಟಿಕೆ, ಕಡತ ಆಮದು ಮತ್ತು ರಫ್ತು ಮುಂತಾದವುಗಳನ್ನು ಸೇರಿಸಲು ಈ ಎಪಿಐ ಅವಕಾಶ ಕೊಡುತ್ತದೆ. ಸ್ಕ್ರಿಪ್ಟ್‌ಗಳು ಇದನ್ನು 'ಬಿಪಿವೈ' ಎಂಬ ಮಾಡ್ಯೂಲ್‌ನ ಮೂಲಕ ಬಳಸುತ್ತವೆ.

ದೊಡ್ಡ ಕಂಪೈಲ್ಡ್ ತಂತ್ರಾಂಶವೊಂದನ್ನು ಸ್ಕ್ರಿಪ್ಟ್ ಭಾಷೆಗೆ ತೆರೆದಿಟ್ಟಾಗ ಏನು ದೊರೆಯುತ್ತದೆ, ಯಾವ ಹೊಣೆ ಮೇಲೆ ಬೀಳುತ್ತದೆ ಎಂಬ ಎರಡಕ್ಕೂ ಬ್ಲೆಂಡರ್ ಒಳ್ಳೆಯ ನಿದರ್ಶನ. ಎರಡು ಭಾಷೆಗಳ ನಡುವೆ ಒಂದು ಫಂಕ್ಷನ್ ಕರೆಯನ್ನು ದಾಟಿಸುವುದು ಇಲ್ಲಿ ಸುಲಭದ ಭಾಗ. ಮೆಮೊರಿಯ ಒಡೆತನ ಯಾರದು, ತೆರೆದಿಟ್ಟ ಹೆಸರುಗಳು ಎಷ್ಟು ಕಾಲ ಬದಲಾಗದೆ ಉಳಿಯುತ್ತವೆ ಎಂಬುವು ಕಷ್ಟದ ಪ್ರಶ್ನೆಗಳು.

ಹಿನ್ನೆಲೆ

ದೊಡ್ಡ ತಂತ್ರಾಂಶದೊಳಗೆ ಚಿಕ್ಕ ಭಾಷೆಯೊಂದನ್ನು ಇರಿಸುವ ರೂಢಿ ಬ್ಲೆಂಡರ್‌ಗಿಂತ ಹಳೆಯದು. 1985ರಲ್ಲಿ ಬಿಡುಗಡೆಯಾದ ಜಿಎನ್‌ಯು ಇಮ್ಯಾಕ್ಸ್‌ನ ತಿರುಳು ಸಿ ಭಾಷೆಯಲ್ಲಿದ್ದು, ಸಂಪಾದಕದ ಬಹುಭಾಗ ಲಿಸ್ಪ್‌ನಲ್ಲಿ ರಚಿತವಾಗಿತ್ತು. 1986ರಲ್ಲಿ ಆಟೋಕ್ಯಾಡ್‌ಗೆ ಆಟೋಲಿಸ್ಪ್ ಸೇರಿತು. ಇತರ ತಂತ್ರಾಂಶಗಳ ಒಳಗೆ ಸೇರಿಸಿಕೊಳ್ಳಲೆಂದೇ ರೂಪುಗೊಂಡ ಟಿಸಿಎಲ್ ಭಾಷೆಯನ್ನು ಜಾನ್ ಔಸ್ಟರ್‌ಹೌಟ್ ಅವರು 1988ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಆವರಣದಲ್ಲಿ ರಚಿಸಿದರು. ಇದೇ ಉದ್ದೇಶದ ಲುವಾ ಭಾಷೆ 1993ರಲ್ಲಿ ಬ್ರೆಜಿಲ್‌ನ ರಿಯೊ ಡಿ ಜನೈರೊದಲ್ಲಿ ಹುಟ್ಟಿತು. ಕನ್ನಡ ವಿಕಿಪೀಡಿಯವೂ ಸೇರಿದಂತೆ ವಿಕಿಮೀಡಿಯ ತಾಣಗಳ ಟೆಂಪ್ಲೇಟುಗಳಲ್ಲಿ 2013ರಿಂದ ಬಳಕೆಯಲ್ಲಿರುವುದು ಈ ಲುವಾ ಭಾಷೆಯೇ.

ಬ್ಲೆಂಡರ್ ಮೊದಲಿಗೆ ನೆದರ್‌ಲ್ಯಾಂಡ್ಸ್‌ನ ನಿಯೋಜಿಯೊ ಎಂಬ ಅನಿಮೇಷನ್ ಸಂಸ್ಥೆಯ ಆಂತರಿಕ ಉಪಕರಣವಾಗಿತ್ತು. ಇದರ ಮೂಲ ಕರ್ತೃ ಟಾನ್ ರೋಸೆನ್‌ಡಾಲ್. 2002ರ ಅಕ್ಟೋಬರ್‌ನಲ್ಲಿ ಇದರ ಮೂಲಸಂಕೇತವು ಜಿಪಿಎಲ್ ಪರವಾನಗಿಯಡಿ ಸಾರ್ವಜನಿಕವಾಯಿತು. 2.4 ಸರಣಿಯವರೆಗಿನ ಆವೃತ್ತಿಗಳಲ್ಲಿ ಪೈಥಾನ್ ಸಂಪರ್ಕವನ್ನು ಕೈಯಿಂದಲೇ ಬರೆಯಲಾಗುತ್ತಿತ್ತು. ದೀಪ, ಕ್ಯಾಮೆರಾ, ವಸ್ತು, ಜಾಲಾಕೃತಿ ಹೀಗೆ ಪ್ರತಿಯೊಂದು ಬಗೆಗೂ ಪ್ರತ್ಯೇಕ ಹೊದಿಕೆ ಸಂಕೇತವಿತ್ತು. ತಿರುಳಿಗೆ ಹೊಸ ಗುಣವೊಂದು ಸೇರಿದಾಗ ಯಾರಾದರೂ ನೆನಪಿಟ್ಟು ಅದರ ಹೊದಿಕೆಯನ್ನೂ ಬರೆಯಬೇಕಿತ್ತು. ಬರೆಯದಿದ್ದರೆ ಪರದೆಯ ಮೇಲೆ ಕಾಣುವ ಗುಂಡಿಯೊಂದು ಸ್ಕ್ರಿಪ್ಟ್‌ಗೆ ಕಾಣುತ್ತಿರಲಿಲ್ಲ.

ಈ ಕೊರತೆಯನ್ನು ನೀಗಿಸಲು 2.5 ಸರಣಿಯಲ್ಲಿ ಬ್ಲೆಂಡರ್‌ನ ಒಳರಚನೆಯನ್ನೇ ಪುನಾರಚಿಸಲಾಯಿತು. ಇದರ ಮೊದಲ ಆಲ್ಫಾ ಆವೃತ್ತಿ 2009ರ ನವೆಂಬರ್‌ನಲ್ಲಿ ಹೊರಬಂದಿತು. 2010ರಲ್ಲಿ ಬಿಡುಗಡೆಯಾದ 'ಸಿಂಟೆಲ್' ಕಿರುಚಿತ್ರವನ್ನು ಈ ಸರಣಿಯಲ್ಲಿಯೇ ತಯಾರಿಸಲಾಯಿತು. ಸ್ಥಿರವೆಂದು ಘೋಷಿತವಾದ ಮೊದಲ ಆವೃತ್ತಿ 2.57, 2011ರ ಏಪ್ರಿಲ್‌ನಲ್ಲಿ ಬಂದಿತು. ಇದೇ ಸಂದರ್ಭದಲ್ಲಿ ಪೈಥಾನ್ 2ರಿಂದ ಪೈಥಾನ್ 3ಕ್ಕೆ ಬದಲಾವಣೆಯೂ ನಡೆಯಿತು.

ರಚನೆ

ಬ್ಲೆಂಡರ್‌ನ ದತ್ತಾಂಶಕ್ಕೆ ಎರಡು ಪದರಗಳ ವಿವರಣೆ ಇದೆ. ಜೀವಶಾಸ್ತ್ರದಿಂದ ಎರವಲು ಪಡೆದ ಹೆಸರುಗಳಲ್ಲಿ ಇವನ್ನು ಡಿಎನ್‌ಎ ಮತ್ತು ಆರ್‌ಎನ್‌ಎ ಎಂದು ಕರೆಯುತ್ತಾರೆ.

ಡಿಎನ್‌ಎ ಎಂದರೆ ಸಿ ಭಾಷೆಯ ಸ್ಟ್ರಕ್ಚರ್‌ಗಳ ವಿನ್ಯಾಸ. ಯಾವ ಅಂಶ ಯಾವ ಬಗೆಯದು, ಮೆಮೊರಿಯಲ್ಲಿ ಎಲ್ಲಿ ಕೂರುತ್ತದೆ ಎಂಬುದನ್ನು ಇದು ದಾಖಲಿಸುತ್ತದೆ. ಬ್ಲೆಂಡ್ ಕಡತವನ್ನು ಉಳಿಸಿದಾಗ ಈ ವಿನ್ಯಾಸದ ಪಟ್ಟಿಯೂ ಕಡತದೊಳಗೆ ಸೇರುತ್ತದೆ. ಹಳೆಯ ಕಡತವನ್ನು ಹೊಸ ಆವೃತ್ತಿ ಓದಬಲ್ಲುದಕ್ಕೆ ಇದೇ ಆಧಾರ.

ಆರ್‌ಎನ್‌ಎ ಎಂದರೆ ಆ ಅಂಶಗಳಿಗೆ ಹೊರಗಿನವರು ಬಳಸಬಹುದಾದ ಮುಖ. ಪ್ರತಿ ಗುಣಕ್ಕೂ ಹೆಸರು, ವಿವರಣೆ, ಬಗೆ, ಕನಿಷ್ಠ ಮತ್ತು ಗರಿಷ್ಠ ಬೆಲೆ, ಅಳತೆಯ ಮಾನ, ಬೆಲೆ ಬದಲಾದಾಗ ನಡೆಯಬೇಕಾದ ಕಾರ್ಯ ಇವೆಲ್ಲ ಇದರಲ್ಲಿ ನಮೂದಾಗುತ್ತವೆ. ಬ್ಲೆಂಡರ್ ಕಂಪೈಲ್ ಆಗುವಾಗ ಸಹಾಯಕ ಕ್ರಮವಿಧಿಯೊಂದು ಈ ನಮೂದುಗಳನ್ನು ಓದಿ, ಗುಣಗಳನ್ನು ಓದುವ ಹಾಗೂ ಬರೆಯುವ ಸಂಕೇತವನ್ನು ತಾನೇ ಉತ್ಪಾದಿಸುತ್ತದೆ.

ಪೈಥಾನ್ ಪದರವು ಪ್ರತಿ ಬಗೆಗೂ ಪ್ರತ್ಯೇಕವಾಗಿ ಬರೆದ ಸಂಕೇತವಲ್ಲ. ಅದು ಆರ್‌ಎನ್‌ಎ ಪಟ್ಟಿಯನ್ನು ನೋಡಿಕೊಂಡು ಕೆಲಸ ಮಾಡುವ ಒಂದೇ ಸಾಮಾನ್ಯ ಪದರ. ಸ್ಕ್ರಿಪ್ಟ್ ಒಂದು ವಸ್ತುವಿನ ಸ್ಥಾನವನ್ನು ಕೇಳಿದಾಗ, ಆ ಹೆಸರಿನ ಗುಣ ಪಟ್ಟಿಯಲ್ಲಿದೆಯೇ ಎಂದು ನೋಡಿ, ಅದರ ಓದುವ ಫಂಕ್ಷನ್ ಅನ್ನು ಕರೆದು, ಬಂದ ಬೆಲೆಯನ್ನು ಪೈಥಾನ್ ರೂಪಕ್ಕೆ ತರಲಾಗುತ್ತದೆ.

ಇದೇ ಪಟ್ಟಿಯನ್ನು ಬಳಕೆದಾರ ಸಂಪರ್ಕ ಮತ್ತು ಅನಿಮೇಷನ್ ವ್ಯವಸ್ಥೆಗಳೂ ಬಳಸುತ್ತವೆ. ಆದ್ದರಿಂದ ಒಂದು ಗುಣವನ್ನು ಆರ್‌ಎನ್‌ಎಯಲ್ಲಿ ಒಮ್ಮೆ ನಮೂದಿಸಿದರೆ ಅದು ಗುಂಡಿಯಾಗಿ ಪರದೆಗೆ ಬರಬಲ್ಲುದು, ಕೀಲಿಚೌಕಟ್ಟುಗಳಿಂದ ಚಲಿಸಬಲ್ಲುದು, ಸ್ಕ್ರಿಪ್ಟ್‌ಗೂ ಸಿಗಬಲ್ಲುದು. ಎಪಿಐ ಕೈಪಿಡಿಯ ಹೆಚ್ಚಿನ ಭಾಗವೂ ಇದೇ ನಮೂದುಗಳಿಂದ ತಾನಾಗಿ ತಯಾರಾಗುತ್ತದೆ. ಬ್ಲೆಂಡರ್‌ನ ಪಟ್ಟಿಕೆ ಮತ್ತು ಮೆನುಗಳ ವಿನ್ಯಾಸವನ್ನು ಅಭಿವರ್ಧಕರು ಪೈಥಾನ್‌ನಲ್ಲಿಯೇ ಬರೆದಿದ್ದಾರೆ. ಹೊರಗಿನವರಿಗೆ ಕೊಟ್ಟ ದಾರಿಯನ್ನೇ ತಾವೂ ತುಳಿಯುವುದರಿಂದ ಆ ದಾರಿಯ ದೋಷಗಳು ಬೇಗ ಕಣ್ಣಿಗೆ ಬೀಳುತ್ತವೆ.

ಪ್ರಮುಖ ಭಾಗಗಳು

ಬಿಪಿವೈ ಮಾಡ್ಯೂಲ್‌ನ ಮುಖ್ಯ ಉಪವಿಭಾಗಗಳು ಹೀಗಿವೆ:

* ಡೇಟಾ: ತೆರೆದಿರುವ ಕಡತದಲ್ಲಿನ ವಸ್ತು, ಜಾಲಾಕೃತಿ, ಬಣ್ಣದ್ರವ್ಯ, ದೃಶ್ಯ ಮುಂತಾದ ಎಲ್ಲ ದತ್ತಖಂಡಗಳ ಸಂಗ್ರಹ.
* ಕಾಂಟೆಕ್ಸ್ಟ್: ಬಳಕೆದಾರರು ಈಗ ಆರಿಸಿರುವುದೇನು, ಯಾವ ಕಿಟಕಿಯಲ್ಲಿದ್ದಾರೆ, ಯಾವ ಕ್ರಮದಲ್ಲಿದ್ದಾರೆ ಎಂಬ ಸಂದರ್ಭದ ಮಾಹಿತಿ. ಇದು ಓದಲು ಮಾತ್ರ.
* ಆಪ್ಸ್: ಗುಂಡಿ ಒತ್ತಿದಾಗ ಅಥವಾ ಮೆನು ಆರಿಸಿದಾಗ ನಡೆಯುವ ಆಪರೇಟರ್‌ಗಳನ್ನು ಸ್ಕ್ರಿಪ್ಟ್‌ನಿಂದ ಕರೆಯುವ ದಾರಿ.
* ಟೈಪ್ಸ್: ಬಗೆಗಳ ಪಟ್ಟಿ. ಹೊಸ ಆಪರೇಟರ್, ಪಟ್ಟಿಕೆ, ಮೆನು ಅಥವಾ ಚಿತ್ರಣ ಯಂತ್ರವನ್ನು ರಚಿಸುವವರು ಇಲ್ಲಿನ ಕ್ಲಾಸ್‌ಗಳನ್ನು ವಿಸ್ತರಿಸಿ ನೋಂದಾಯಿಸುತ್ತಾರೆ.
* ಪ್ರಾಪ್ಸ್: ಸ್ಕ್ರಿಪ್ಟ್‌ಗಳು ತಮ್ಮದೇ ಹೊಸ ಗುಣಗಳನ್ನು ಸೇರಿಸಲು ಬೇಕಾದ ಫಂಕ್ಷನ್‌ಗಳು.

ಇವಲ್ಲದೆ ಸದಿಶ ಮತ್ತು ಮ್ಯಾಟ್ರಿಕ್ಸ್ ಗಣಿತಕ್ಕೆ 'ಮ್ಯಾತ್‌ಯುಟಿಲ್ಸ್', ಜಾಲಾಕೃತಿಯನ್ನು ತಿದ್ದಲು 'ಬಿಮೆಶ್' ಎಂಬ ಮಾಡ್ಯೂಲ್‌ಗಳಿವೆ. ಇವು ಆರ್‌ಎನ್‌ಎಯಿಂದ ಬಂದವಲ್ಲ, ಕೈಯಿಂದ ಬರೆದವು.

ಆಪರೇಟರ್‌ಗಳನ್ನು ಮೊದಲಿಗೆ ರೂಪಿಸಿದ್ದು ಪರದೆಯ ಮುಂದೆ ಕುಳಿತ ಮನುಷ್ಯನಿಗಾಗಿ. ಪ್ರತಿ ಆಪರೇಟರ್ ಕೆಲಸಕ್ಕೆ ತೊಡಗುವ ಮೊದಲು ಸಂದರ್ಭ ಸರಿಯಿದೆಯೇ ಎಂದು ಪರೀಕ್ಷಿಸುತ್ತದೆ. ಸರಿಯಿಲ್ಲದಿದ್ದರೆ ಕರೆ ವಿಫಲವಾಗುತ್ತದೆ. ಕಲಿಯುವವರು ಪದೇ ಪದೇ ಎದುರಿಸುವ ದೋಷಸಂದೇಶ ಇದೇ. ದತ್ತಾಂಶವನ್ನು ನೇರವಾಗಿ ಬದಲಿಸಲು ಸಾಧ್ಯವಿರುವಲ್ಲಿ ಆಪರೇಟರ್‌ಗಳ ಬದಲು ಡೇಟಾ ವಿಭಾಗವನ್ನು ಬಳಸುವುದು ಹೆಚ್ಚು ನಂಬಿಕೆಯ ದಾರಿ.

ಇತರ ವಿಧಾನಗಳೊಡನೆ ಹೋಲಿಕೆ

ಸಿ ಅಥವಾ ಸಿ++ ತಂತ್ರಾಂಶವನ್ನು ಪೈಥಾನ್‌ಗೆ ತೆರೆದಿಡಲು ಬೇರೆ ವಿಧಾನಗಳೂ ಇವೆ. ಡೇವಿಡ್ ಬೀಜ್ಲಿ ಅವರು ಲಾಸ್ ಅಲಾಮೋಸ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ 1995ರಲ್ಲಿ ಆರಂಭಿಸಿದ ಸ್ವಿಗ್, ಹೆಡರ್ ಕಡತಗಳಲ್ಲಿನ ಘೋಷಣೆಗಳನ್ನು ಓದಿ ಹೊದಿಕೆ ಸಂಕೇತವನ್ನು ಉತ್ಪಾದಿಸುತ್ತದೆ. ಬೂಸ್ಟ್ ಪೈಥಾನ್ ಮತ್ತು ಪೈಬೈಂಡ್11 ಗ್ರಂಥಾಲಯಗಳಲ್ಲಿ ಯಾವುದನ್ನು ತೆರೆದಿಡಬೇಕೆಂಬುದನ್ನು ಅಭಿವರ್ಧಕರು ಸಿ++ ಸಂಕೇತದಲ್ಲಿಯೇ ಘೋಷಿಸುತ್ತಾರೆ.

ಈ ವಿಧಾನಗಳು ಗ್ರಂಥಾಲಯಗಳಿಗೆ ಚೆನ್ನಾಗಿ ಹೊಂದುತ್ತವೆ. ಆದರೆ ಫಂಕ್ಷನ್‌ನ ಘೋಷಣೆಯಷ್ಟನ್ನೇ ನೋಡಿದರೆ ಒಂದು ಸಂಖ್ಯೆ ಕೋನವೋ ದೂರವೋ, ಅದರ ಮಿತಿ ಎಷ್ಟು, ಅದು ಬದಲಾದರೆ ದೃಶ್ಯದ ಯಾವ ಭಾಗವನ್ನು ಮತ್ತೆ ಲೆಕ್ಕ ಹಾಕಬೇಕು ಎಂಬುದು ತಿಳಿಯುವುದಿಲ್ಲ. ಬಳಕೆದಾರ ಸಂಪರ್ಕಕ್ಕೆ ಈ ಮಾಹಿತಿ ಹೇಗೂ ಬೇಕು. ಬ್ಲೆಂಡರ್ ಅದನ್ನು ಒಂದೆಡೆ ಬರೆದು ಎಲ್ಲೆಡೆ ಬಳಸಿಕೊಂಡಿತು. ಹೀಗಾಗಿ ಸ್ಕ್ರಿಪ್ಟ್‌ನಿಂದ ಬೆಲೆ ಬದಲಿಸಿದರೂ ಗುಂಡಿಯಿಂದ ಬದಲಿಸಿದರೂ ಒಂದೇ ಮಿತಿ ಮತ್ತು ಒಂದೇ ಪರಿಣಾಮ ಅನ್ವಯವಾಗುತ್ತವೆ.

ಮೆಮೊರಿಯ ಒಡೆತನ

ಪೈಥಾನ್ ತನ್ನ ಮೌಲ್ಯಗಳನ್ನು ಉಲ್ಲೇಖಗಳ ಎಣಿಕೆಯಿಂದ ಕಾಯುತ್ತದೆ. ಒಂದು ಮೌಲ್ಯವನ್ನು ಯಾರಾದರೂ ಹಿಡಿದಿರುವ ತನಕ ಅದು ಅಳಿಯುವುದಿಲ್ಲ. ಬ್ಲೆಂಡರ್‌ನ ದತ್ತಾಂಶಕ್ಕೆ ಈ ನಿಯಮ ಅನ್ವಯಿಸುವುದಿಲ್ಲ. ಅದರ ಒಡೆತನ ಸಿ ಮತ್ತು ಸಿ++ ಸಂಕೇತದ್ದು. ಸ್ಕ್ರಿಪ್ಟ್‌ನ ಕೈಯಲ್ಲಿರುವುದು ದತ್ತಾಂಶವಲ್ಲ, ಅದರ ವಿಳಾಸ ಮಾತ್ರ. ಮನೆಯವರು ಮನೆ ಬದಲಿಸಿದರೂ ಚೀಟಿಯಲ್ಲಿ ಬರೆದುಕೊಂಡ ವಿಳಾಸ ತಾನಾಗಿ ಬದಲಾಗದು.

ಇದರಿಂದ ಹುಟ್ಟುವ ತೊಂದರೆಗಳು ಹಲವು.

* ಸಂಗ್ರಹ ಬೆಳೆದಾಗ: ಒಂದು ಸಂಗ್ರಹಕ್ಕೆ ಅಂಶವೊಂದನ್ನು ಸೇರಿಸಿ ಅದರ ಉಲ್ಲೇಖವನ್ನು ಇಟ್ಟುಕೊಂಡು, ಆಮೇಲೆ ನೂರಾರು ಅಂಶಗಳನ್ನು ಸೇರಿಸಿದರೆ, ಇಡೀ ಸಂಗ್ರಹ ಮೆಮೊರಿಯಲ್ಲಿ ಬೇರೆಡೆಗೆ ಸ್ಥಳಾಂತರಗೊಳ್ಳಬಹುದು. ಮೊದಲಿನ ಉಲ್ಲೇಖ ಆಗ ಖಾಲಿ ಜಾಗವನ್ನು ತೋರಿಸುತ್ತದೆ. ಅಂಶಗಳನ್ನೆಲ್ಲ ಮೊದಲು ಸೇರಿಸಿ ನಂತರ ಉಲ್ಲೇಖ ಪಡೆಯುವುದು ಇದಕ್ಕೆ ಪರಿಹಾರ.
* ಅನ್‌ಡೂ ಮಾಡಿದಾಗ: ಹಿಂದಿನ ಸ್ಥಿತಿಗೆ ಮರಳುವ ಕ್ರಿಯೆಯಲ್ಲಿ ದತ್ತಖಂಡಗಳು ಹೊಸದಾಗಿ ರಚನೆಯಾಗಬಹುದು. ಆದ್ದರಿಂದ ಅನ್‌ಡೂವಿನ ಹಿಂದೆ ಪಡೆದ ಯಾವ ಉಲ್ಲೇಖವನ್ನೂ ಅದರ ನಂತರ ನಂಬಬಾರದೆಂಬುದು ಕೈಪಿಡಿಯ ಸೂಚನೆ.
* ಕ್ರಮ ಬದಲಾದಾಗ: ತಿದ್ದುವ ಕ್ರಮಕ್ಕೆ ಹೋಗಿಬಂದರೆ ಜಾಲಾಕೃತಿಯ ಬಿಂದು, ಅಂಚು, ಮುಖಗಳ ಮೆಮೊರಿ ಮರುಹಂಚಿಕೆಯಾಗುತ್ತದೆ.

ಸ್ಕ್ರಿಪ್ಟ್ ಒಂದು ಇಡೀ ದತ್ತಖಂಡವನ್ನು ಅಳಿಸಿದ ಬಳಿಕ ಅದನ್ನು ಮತ್ತೆ ಬಳಸಲು ಹೊರಟರೆ ಬ್ಲೆಂಡರ್ ಸಾಮಾನ್ಯವಾಗಿ ದೋಷಸಂದೇಶವನ್ನು ನೀಡುತ್ತದೆ. ಆದರೆ ಅದರೊಳಗಿನ ಬಿಂದುಗಳಂಥ ಸಣ್ಣ ಅಂಶಗಳ ಮೇಲೆ ಇಂಥ ಕಾವಲು ಇಲ್ಲ. ಪೈಥಾನ್ ಹಿಡಿದಿರುವ ಪ್ರತಿ ಉಲ್ಲೇಖವನ್ನೂ ಲೆಕ್ಕವಿಡುತ್ತ ಹೋದರೆ ತಂತ್ರಾಂಶ ನಿಧಾನವಾಗುತ್ತದೆ ಎಂಬುದು ಇದಕ್ಕೆ ಕಾರಣ. ಸಾಮಾನ್ಯ ಪೈಥಾನ್ ಕ್ರಮವಿಧಿಯಲ್ಲಿ ತಪ್ಪು ನಡೆದರೆ ದೋಷಸಂದೇಶ ಬರುತ್ತದೆ. ಇಲ್ಲಿ ಇಡೀ ಬ್ಲೆಂಡರ್ ಕುಸಿದುಬೀಳಬಹುದು, ಉಳಿಸದೆ ಇದ್ದ ಕಲಾವಿದರ ಕೆಲಸವೂ ಅದರೊಂದಿಗೆ ಹೋಗಬಹುದು.

ತೊಂದರೆ ಎದುರು ದಿಕ್ಕಿನಿಂದಲೂ ಬರುತ್ತದೆ. ಆಯ್ಕೆಪಟ್ಟಿಯೊಂದರ ಅಂಶಗಳನ್ನು ಪೈಥಾನ್ ಫಂಕ್ಷನ್ ಆಗಿಂದಾಗ್ಗೆ ತಯಾರಿಸಿ ಕೊಡುವಂತೆ ಏರ್ಪಡಿಸಬಹುದು. ಆ ಪದಗಳನ್ನು ಬ್ಲೆಂಡರ್ ನಕಲಿಸಿಕೊಳ್ಳದೆ ವಿಳಾಸದ ಮೂಲಕವೇ ಓದುತ್ತದೆ. ಫಂಕ್ಷನ್ ಮುಗಿದೊಡನೆ ಪೈಥಾನ್ ಅವನ್ನು ಅಳಿಸಿಬಿಟ್ಟರೆ ಪರದೆಯ ಮೇಲೆ ಅರ್ಥವಿಲ್ಲದ ಅಕ್ಷರಗಳು ಮೂಡಬಹುದು ಅಥವಾ ಬ್ಲೆಂಡರ್ ಕುಸಿಯಬಹುದು. ಪಟ್ಟಿಯನ್ನು ಸ್ಕ್ರಿಪ್ಟ್‌ನ ಶಾಶ್ವತ ಚರಾಕ್ಷರವೊಂದರಲ್ಲಿ ಇರಿಸಿಕೊಳ್ಳುವುದೇ ಇದಕ್ಕೆ ಮಾರ್ಗ.

ಹೆಸರುಗಳ ಮಿತಿ

ವಿಳಾಸವನ್ನು ನಂಬಲಾಗದಿದ್ದರೆ ಹೆಸರಿನಿಂದ ಹುಡುಕಬಹುದು. ಆದರೆ ಹೆಸರಿಗೂ ಮಿತಿಯಿದೆ. ದತ್ತಖಂಡದ ಹೆಸರು ಬಹುಕಾಲ 63 ಬೈಟ್‌ಗಳಿಗೆ ಸೀಮಿತವಾಗಿತ್ತು. ಅದಕ್ಕಿಂತ ಉದ್ದವಾದ ಹೆಸರನ್ನು ಬ್ಲೆಂಡರ್ ಕತ್ತರಿಸುತ್ತದೆ. ಅದೇ ಹೆಸರು ಆಗಲೇ ಇದ್ದರೆ ಕೊನೆಗೆ ಅಂಕಿಗಳನ್ನು ಸೇರಿಸುತ್ತದೆ. ಹೀಗಾಗಿ ಸ್ಕ್ರಿಪ್ಟ್ ತಾನೇ ಕೊಟ್ಟ ಹೆಸರಿನಿಂದ ಮರುಕ್ಷಣ ಹುಡುಕಿದಾಗ ಏನೂ ಸಿಗದಿರಬಹುದು, ಅಥವಾ ಬೇರೊಂದು ವಸ್ತು ಸಿಗಬಹುದು.

ಹೆಸರುಗಳು ಯುಟಿಎಫ್-8 ಸಂಕೇತದಲ್ಲಿರುವುದರಿಂದ ಕನ್ನಡದಲ್ಲಿ ಹೆಸರಿಡುವವರಿಗೆ ಈ ಮಿತಿ ಬೇಗ ಎದುರಾಗುತ್ತದೆ. ಇಂಗ್ಲಿಷ್ ಅಕ್ಷರವೊಂದಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿ ಸಂಕೇತಬಿಂದುವಿಗೆ 3 ಬೈಟ್ ಬೇಕು. 63 ಬೈಟ್‌ಗಳಲ್ಲಿ ಹಿಡಿಯುವುದು 21 ಸಂಕೇತಬಿಂದುಗಳು. ಒತ್ತಕ್ಷರ ಮತ್ತು ಸ್ವರಚಿಹ್ನೆಗಳು ಪ್ರತ್ಯೇಕವಾಗಿ ಎಣಿಕೆಯಾಗುತ್ತವೆ. 'ಸ್ತ್ರೀ' ಎಂಬ ಒಂದೇ ಅಕ್ಷರದಲ್ಲಿ 6 ಸಂಕೇತಬಿಂದುಗಳಿದ್ದು, ಅದು 18 ಬೈಟ್‌ಗಳನ್ನು ತೆಗೆದುಕೊಳ್ಳುತ್ತದೆ. ಹೊಸ ವಸ್ತುವನ್ನು ರಚಿಸಿದಾಗ ಮರಳಿ ಬರುವ ಉಲ್ಲೇಖದಿಂದ ಅದರ ನಿಜವಾದ ಹೆಸರನ್ನು ಓದಿಕೊಂಡು, ಮುಂದೆ ಅದನ್ನೇ ಬಳಸುವುದು ಸುರಕ್ಷಿತ ಕ್ರಮ.

ವೇಗ

ಪೈಥಾನ್ ಮತ್ತು ತಿರುಳಿನ ನಡುವಿನ ಗಡಿಯನ್ನು ದಾಟುವ ಪ್ರತಿ ಕರೆಗೂ ವೆಚ್ಚವಿದೆ. ಹೆಸರನ್ನು ಹುಡುಕಬೇಕು, ಬಗೆಯನ್ನು ಪರೀಕ್ಷಿಸಬೇಕು, ಮೌಲ್ಯವನ್ನು ರೂಪಾಂತರಿಸಬೇಕು. ಹತ್ತು ವಸ್ತುಗಳಿಗೆ ಇದು ಲೆಕ್ಕಕ್ಕೆ ಬಾರದು. ಹತ್ತು ಲಕ್ಷ ಬಿಂದುಗಳ ಜಾಲಾಕೃತಿಯಲ್ಲಿ ಪ್ರತಿ ಬಿಂದುವಿನ ಸ್ಥಾನವನ್ನು ಒಂದೊಂದಾಗಿ ಕೇಳಿದರೆ ಕಾಯಬೇಕಾಗುತ್ತದೆ.

ಇದಕ್ಕಾಗಿ ಇಡೀ ಸಂಗ್ರಹದ ಒಂದು ಗುಣವನ್ನು ಒಂದೇ ಕರೆಯಲ್ಲಿ ಚಪ್ಪಟೆ ಸರಣಿಗೆ ತುಂಬುವ ಅಥವಾ ಸರಣಿಯಿಂದ ಬರೆಯುವ ಜೋಡಿ ಫಂಕ್ಷನ್‌ಗಳಿವೆ. ಬ್ಲೆಂಡರ್‌ನೊಡನೆ ಬರುವ ನಮ್‌ಪೈ ಗ್ರಂಥಾಲಯದ ಸರಣಿಗಳನ್ನು ಇಲ್ಲಿ ನೇರವಾಗಿ ಬಳಸಬಹುದು. ಲೆಕ್ಕಾಚಾರ ನಮ್‌ಪೈ ಒಳಗೆ ನಡೆದು, ಗಡಿ ದಾಟುವುದು ಎರಡೇ ಬಾರಿ ಆಗುತ್ತದೆ.

ಇಷ್ಟರಿಂದಲೂ ಸಾಲದ ಕೆಲಸಗಳು ತಿರುಳಿಗೆ ಮರಳಿವೆ. ವೇವ್‌ಫ್ರಂಟ್ ಒಬಿಜೆ ಕಡತಗಳ ರಫ್ತು ಮತ್ತು ಆಮದು ಬಹುಕಾಲ ಪೈಥಾನ್‌ನಲ್ಲಿತ್ತು. 2022ರಲ್ಲಿ 3.1 ಮತ್ತು 3.2 ಆವೃತ್ತಿಗಳಲ್ಲಿ ಅವನ್ನು ಸಿ++ನಲ್ಲಿ ಹೊಸದಾಗಿ ಬರೆಯಲಾಯಿತು.

ಥ್ರೆಡ್‌ಗಳು

ಬ್ಲೆಂಡರ್‌ನ ತಿರುಳು ಹಲವು ಥ್ರೆಡ್‌ಗಳಲ್ಲಿ ಕೆಲಸ ಮಾಡುತ್ತದೆ. ಪೈಥಾನ್ ಇಂಟರ್‌ಪ್ರಿಟರ್‌ನ ಸಾಮಾನ್ಯ ರೂಪದಲ್ಲಿ ಒಂದೇ ಜಾಗತಿಕ ಬೀಗವಿದ್ದು, ಒಂದು ಕ್ಷಣದಲ್ಲಿ ಒಂದು ಥ್ರೆಡ್ ಮಾತ್ರ ಪೈಥಾನ್ ಸಂಕೇತವನ್ನು ನಡೆಸಬಲ್ಲುದು. ಸ್ಕ್ರಿಪ್ಟ್ ಮುಗಿದ ಮೇಲೂ ಅದು ಹುಟ್ಟುಹಾಕಿದ ಪೈಥಾನ್ ಥ್ರೆಡ್‌ಗಳು ಓಡುತ್ತಿರುವುದಕ್ಕೆ ಬ್ಲೆಂಡರ್‌ನಲ್ಲಿ ಬೆಂಬಲವಿಲ್ಲ. ಹಿನ್ನೆಲೆಯಲ್ಲಿ ಜಾಲದಿಂದ ಮಾಹಿತಿ ತರುವಂಥ ಕೆಲಸಗಳಿಗೆ, ಫಲಿತಾಂಶವನ್ನು ಸರದಿಯಲ್ಲಿಟ್ಟು ಮುಖ್ಯ ಥ್ರೆಡ್‌ನಲ್ಲಿ ಟೈಮರ್ ಮೂಲಕ ಅನ್ವಯಿಸುವ ಕ್ರಮವನ್ನು ಕೈಪಿಡಿ ತೋರಿಸುತ್ತದೆ.

ಪಟ್ಟಿಕೆಯನ್ನು ಪರದೆಯ ಮೇಲೆ ಚಿತ್ರಿಸುವ ಫಂಕ್ಷನ್‌ನೊಳಗೆ ದತ್ತಖಂಡಗಳನ್ನು ಬದಲಿಸುವುದಕ್ಕೂ ಅನುಮತಿಯಿಲ್ಲ. ಚಿತ್ರಿಸುವ ಕ್ರಿಯೆ ಎಷ್ಟು ಬಾರಿಯಾದರೂ ನಡೆಯಬಹುದಾದ್ದರಿಂದ ಅದು ದತ್ತಾಂಶವನ್ನು ಓದಬೇಕೇ ಹೊರತು ಮುಟ್ಟಬಾರದು.

ಭದ್ರತೆ

ಬ್ಲೆಂಡರ್ ಒಳಗಿನ ಪೈಥಾನ್‌ಗೆ ಯಾವುದೇ ಬೇಲಿಯಿಲ್ಲ. ಸ್ಕ್ರಿಪ್ಟ್ ಒಂದು ಬಳಕೆದಾರರ ಕಡತಗಳನ್ನು ಓದಬಹುದು, ಅಳಿಸಬಹುದು, ಜಾಲವನ್ನು ಸಂಪರ್ಕಿಸಬಹುದು. ಬ್ಲೆಂಡ್ ಕಡತದೊಳಗೂ ಸ್ಕ್ರಿಪ್ಟ್‌ಗಳನ್ನು ಇರಿಸಬಹುದಾದ್ದರಿಂದ, ಅಪರಿಚಿತರಿಂದ ಬಂದ ಮಾದರಿಯೊಂದನ್ನು ತೆರೆಯುವುದೇ ಅಪಾಯವಾಗಬಹುದು. ಹೀಗಾಗಿ ಕಡತದೊಳಗಿನ ಸ್ಕ್ರಿಪ್ಟ್‌ಗಳು ತಾವಾಗಿ ನಡೆಯದಂತೆ ಮೂಲ ಹೊಂದಿಕೆಯಲ್ಲಿ ತಡೆಯಲಾಗಿದೆ. ಒಪ್ಪಿಗೆ ಕೊಡುವುದು ಬಳಕೆದಾರರ ಹೊಣೆ.

ಒಂದು ಗುಣದ ಬೆಲೆಯಿಂದ ಇನ್ನೊಂದನ್ನು ನಡೆಸುವ 'ಡ್ರೈವರ್' ಸೂತ್ರಗಳೂ ಪೈಥಾನ್ ಅಭಿವ್ಯಕ್ತಿಗಳೇ. ಕೂಡುವುದು, ಗುಣಿಸುವುದು ಮುಂತಾದ ಸರಳ ಸೂತ್ರಗಳನ್ನು 2.80ನೇ ಆವೃತ್ತಿಯಿಂದ ಪೈಥಾನ್‌ನ ನೆರವಿಲ್ಲದೆ ತಿರುಳೇ ಲೆಕ್ಕ ಹಾಕುತ್ತದೆ. ಇದರಿಂದ ಅವು ಭದ್ರತೆಯ ತಡೆಗೆ ಒಳಪಡುವುದಿಲ್ಲ, ವೇಗವಾಗಿಯೂ ನಡೆಯುತ್ತವೆ.

ಆವೃತ್ತಿಗಳ ನಡುವಿನ ಹೊಂದಾಣಿಕೆ

ಒಳರಚನೆಯನ್ನು ಇಷ್ಟು ಹತ್ತಿರದಿಂದ ತೆರೆದಿಟ್ಟಾಗ, ಒಳಗೆ ಆಗುವ ಬದಲಾವಣೆ ಹೊರಗಿನವರ ಸ್ಕ್ರಿಪ್ಟ್‌ಗಳನ್ನು ಮುರಿಯುತ್ತದೆ. 2019ರ ಜುಲೈನಲ್ಲಿ ಬಿಡುಗಡೆಯಾದ 2.80 ಇದಕ್ಕೆ ದೊಡ್ಡ ಉದಾಹರಣೆ. ಹಳೆಯ ಪದರಗಳು ಮತ್ತು ಗುಂಪುಗಳ ಸ್ಥಾನಕ್ಕೆ ಸಂಗ್ರಹಗಳು ಬಂದವು. ವಸ್ತು ಆಯ್ಕೆಯಾಗಿದೆಯೇ ಎಂಬುದು ವಸ್ತುವಿನ ಸರಳ ಗುಣವಾಗಿ ಉಳಿಯದೆ ನೋಟದ ಪದರವನ್ನು ಅವಲಂಬಿಸಿತು. ಮ್ಯಾಟ್ರಿಕ್ಸ್ ಗುಣಾಕಾರಕ್ಕೆ ನಕ್ಷತ್ರ ಚಿಹ್ನೆಯ ಬದಲು @ ಚಿಹ್ನೆ ಜಾರಿಗೆ ಬಂದಿತು. ಆಡ್‌ಆನ್ ಬರೆದವರೆಲ್ಲ ತಮ್ಮ ಸಂಕೇತವನ್ನು ತಿದ್ದಬೇಕಾಯಿತು. ನೋಡಿಕೊಳ್ಳುವವರಿಲ್ಲದ ಆಡ್‌ಆನ್‌ಗಳು ಹಳೆಯ ಆವೃತ್ತಿಯಲ್ಲಿಯೇ ಉಳಿದವು.

ಆಪರೇಟರ್‌ಗೆ ಬೇರೆ ಸಂದರ್ಭವನ್ನು ಒದಗಿಸುವ ಹಳೆಯ ವಿಧಾನದ ವಿಷಯದಲ್ಲಿ ಬದಲಾವಣೆ ಹಂತಹಂತವಾಗಿ ನಡೆಯಿತು. 3.2ರಲ್ಲಿ ಹೊಸ ವಿಧಾನ ಬಂದಿತು, ಹಳೆಯದನ್ನು 2023ರ ನವೆಂಬರ್‌ನ 4.0ರಲ್ಲಿ ತೆಗೆದುಹಾಕಲಾಯಿತು. 2020ರ 2.83ರಿಂದ ಎರಡು ವರ್ಷಗಳ ಬೆಂಬಲವುಳ್ಳ ದೀರ್ಘಾವಧಿ ಆವೃತ್ತಿಗಳೂ ಬರುತ್ತಿವೆ. ನಡುವೆ ಸ್ಕ್ರಿಪ್ಟ್‌ಗಳು ಮುರಿಯುವುದನ್ನು ಸಹಿಸಲಾರದ ಸ್ಟುಡಿಯೋಗಳಿಗೆ ಇವು ಅನುಕೂಲ.

ಬ್ಲೆಂಡರ್ ತನ್ನದೇ ಪೈಥಾನ್ ಇಂಟರ್‌ಪ್ರಿಟರ್ ಅನ್ನು ಜೊತೆಗೆ ತರುತ್ತದೆ. 2.80ರಲ್ಲಿ ಪೈಥಾನ್ 3.7 ಇದ್ದರೆ, 4.1ರಲ್ಲಿ 3.11 ಇದೆ. ಕಂಪೈಲ್ ಆದ ಪೈಥಾನ್ ಮಾಡ್ಯೂಲ್‌ಗಳನ್ನು ಬಳಸುವ ಆಡ್‌ಆನ್‌ಗಳು ಈ ಬದಲಾವಣೆಗೂ ಹೊಂದಿಕೊಳ್ಳಬೇಕು.

ಪರವಾನಗಿ ಮತ್ತು ಬಳಕೆ

ಬ್ಲೆಂಡರ್ ಜಿಪಿಎಲ್ ಪರವಾನಗಿಯಲ್ಲಿದೆ. ಬಿಪಿವೈ ಮೂಲಕ ಅದರ ಒಳರಚನೆಯನ್ನು ಬಳಸುವ ಸ್ಕ್ರಿಪ್ಟ್‌ಗಳನ್ನು ಇತರರಿಗೆ ಹಂಚುವಾಗ ಅಥವಾ ಮಾರುವಾಗ ಅವೂ ಜಿಪಿಎಲ್‌ಗೆ ಹೊಂದುವ ಪರವಾನಗಿಯಲ್ಲಿರಬೇಕು ಎಂಬುದು ಬ್ಲೆಂಡರ್ ಫೌಂಡೇಶನ್‌ನ ನಿಲುವು. ಇದು ಮಾರಾಟಕ್ಕೆ ಅಡ್ಡಿಯಲ್ಲ. ಬ್ಲೆಂಡರ್‌ನಲ್ಲಿ ರಚಿಸಿದ ಚಿತ್ರ, ಮಾದರಿ ಮತ್ತು ಚಲನಚಿತ್ರಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ, ಅವುಗಳ ಹಕ್ಕು ರಚಿಸಿದವರದೇ.

ಜಿಎಲ್‌ಟಿಎಫ್ ಕಡತಗಳ ಆಮದು ಮತ್ತು ರಫ್ತು ಪೈಥಾನ್ ಆಡ್‌ಆನ್ ರೂಪದಲ್ಲಿ ಬ್ಲೆಂಡರ್‌ನೊಂದಿಗೇ ಬರುತ್ತದೆ. ಸೈಕಲ್ಸ್ ಚಿತ್ರಣ ಯಂತ್ರದ ಲೆಕ್ಕಾಚಾರ ಸಿ++ನಲ್ಲಿದ್ದರೂ ಅದರ ಪಟ್ಟಿಕೆಗಳೂ ಹೊಂದಿಕೆಗಳೂ ಪೈಥಾನ್‌ನಲ್ಲಿವೆ. ಕಿಟಕಿಯನ್ನೇ ತೆರೆಯದೆ ಹಿನ್ನೆಲೆ ಕ್ರಮದಲ್ಲಿ ಸ್ಕ್ರಿಪ್ಟ್ ನಡೆಸಿ ಸಾವಿರಾರು ಚಿತ್ರಗಳನ್ನು ತಯಾರಿಸಬಹುದು. ಬ್ಲೆಂಡರ್ ಅನ್ನೇ ಪೈಥಾನ್ ಮಾಡ್ಯೂಲ್ ರೂಪದಲ್ಲಿ ಕಂಪೈಲ್ ಮಾಡಿ ಬೇರೆ ಕ್ರಮವಿಧಿಗಳೊಳಗೆ ಬಳಸುವುದೂ ಸಾಧ್ಯ. 2024ರ ಜುಲೈನ 4.2ನೇ ಆವೃತ್ತಿಯೊಂದಿಗೆ ಆಡ್‌ಆನ್‌ಗಳ ಅಧಿಕೃತ ವಿತರಣಾ ತಾಣ ಆರಂಭವಾಯಿತು.

ಕಲಿಯುವವರಿಗೆ ಬ್ಲೆಂಡರ್ ತಾನೇ ದಾರಿ ತೋರುತ್ತದೆ. ಮಾಹಿತಿ ಕಿಟಕಿಯು ಬಳಕೆದಾರರು ನಡೆಸಿದ ಆಪರೇಟರ್‌ಗಳನ್ನು ಪೈಥಾನ್ ರೂಪದಲ್ಲಿ ದಾಖಲಿಸುತ್ತದೆ. ಹೊಂದಿಕೆಗಳಲ್ಲಿ ಸೂಕ್ತ ಆಯ್ಕೆ ಮಾಡಿಕೊಂಡರೆ, ಗುಂಡಿಯ ಮೇಲೆ ಮೌಸ್ ಇರಿಸಿದಾಗ ಅದರ ಹಿಂದಿರುವ ಗುಣದ ಪೈಥಾನ್ ಹೆಸರು ಕಾಣುತ್ತದೆ. ಗುಂಡಿಗೂ ಸ್ಕ್ರಿಪ್ಟ್‌ಗೂ ಒಂದೇ ಆರ್‌ಎನ್‌ಎ ಪಟ್ಟಿ ಆಧಾರವಾಗಿರುವುದರಿಂದ ಈ ಸೌಲಭ್ಯ ಸಾಧ್ಯವಾಗಿದೆ.